ಅಟ್ಟದ ಕೆಳಗಿನ ಹೊಗೆ

ದಿಬ್ಬದಪಾಳ್ಯ
6 ಸೆಪ್ಟೆಂಬರ್ 2022

ಅತ್ತೆಯವರಿಗೆ ನಮಸ್ಕಾರ.

ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ಹಾಲಿನ ಗಾಡಿಯವರು ಹೇಳಿದರಂತೆ. ನಿಮ್ಮ ತೋಟ, ಕೊಟ್ಟಿಗೆ ನೋಡಿಕೊಳ್ಳುವ ಮಲ್ಲೇಶ್ ಬಂದು ತಿಳಿಸಿದ. ಸಮಾಧಾನವಾಯಿತು. ಇಲ್ಲಿಯ ವಿಷಯ ನಿಮಗೆ ಅರ್ಧ ಗೊತ್ತಿರುತ್ತದೆ, ಉಳಿದರ್ಧ ಬರೆಯುತ್ತೇನೆ. ಕನ್ನಡದಲ್ಲಿ ಕಾಗದ ಬರೆದು ಇಪ್ಪತ್ತು ವರ್ಷವಾಗಿರಬೇಕು. ತಪ್ಪಿದ್ದರೆ ಗಾನವಿ ತಿದ್ದಿಕೊಂಡು ಓದಲಿ.

ಅಟ್ಟದ ತುಂಬ ತೆಂಗಿನಕಾಯಿ ಇದೆ, ಮನೆ ಬಿಟ್ಟು ಬರುವ ಹಾಗಿಲ್ಲ, ಮೂರು ದಿನ ಇದ್ದು ನೋಡಿಕೋ ಎಂದು ನೀವು ಕೇಳಿದಾಗ ನಾನು ತಕ್ಷಣ ಒಪ್ಪಿದ್ದು ನಿಮಗಾಗಿ ಅಲ್ಲ. ಮೂರು ದಿನ ಫೋನಿಲ್ಲದೆ ಒಂದು ಪುಸ್ತಕ ಓದಿ ಮುಗಿಸೋಣ ಎಂಬ ಆಸೆಯಿತ್ತು. ನಾನು ಬಂದ ಮಾರನೆಯ ದಿನವೇ ಕೆರೆ ಕೋಡಿ ಬಿತ್ತು. ಈಗ ರಸ್ತೆಯ ಮೇಲೆ ಎರಡಾಳು ನೀರು, ಹಿಂದೆ ತುಂಬಿದ ಹಳ್ಳ. ನಮ್ಮ ದಿಬ್ಬವೆಂದರೆ ಏಳು ಮನೆ, ಒಂದು ಗುಡಿ ಮತ್ತು ನನ್ನ ಕಾರು ಇರುವ ದ್ವೀಪ. ಕರೆಂಟು ಹೋಯಿತು, ಅದರ ಹಿಂದೆಯೇ ಫೋನೂ ಸತ್ತಿತು. ನಿಮ್ಮ ಮಗ ದಯಾನಂದ್ ಪುಣೆಯಿಂದ ನೂರು ಸಲ ಫೋನ್ ಮಾಡಿರಬಹುದು; ನಾನು ಚೆನ್ನಾಗಿದ್ದೇನೆಂದು ನೀವೇ ತಿಳಿಸಿಬಿಡಿ.

ಮಲ್ಲೇಶ್ ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಹಲಗೆ ಕಟ್ಟಿ ತೆಪ್ಪ ಮಾಡಿದ್ದಾನೆ. ಬೆಳಗ್ಗೆ ಏಳು ಮನೆಯ ಹಾಲನ್ನು ಒಂದು ಕ್ಯಾನಿಗೆ ತುಂಬಿ, ಅದರ ಮೇಲಿಟ್ಟು, ತಳ್ಳಿಕೊಂಡು ಈಜುತ್ತಾ ಆಚೆ ದಡ ಸೇರುತ್ತಾನೆ. ಈ ಕಾಗದವೂ ಹಾಗೇ ಬರುತ್ತಿದೆ. ನನ್ನನ್ನೂ ದಾಟಿಸು ಎಂದು ಕೇಳಿದೆ.

"ನೀವ್ ಕೂತ್ರೆ ಕ್ಯಾನ್‌ಗೆ ಜಾಗ ಇಲ್ಲ ಅಕ್ಕ. ಏಳು ಮನೆ ಹಾಲು ಕೆಡ್ತದೆ. ಆದ್ರೂ ನೀವ್ ಹೇಳುದ್ರೆ ಹಾಲು ಬುಟ್ಟು ನಿಮ್ಮುನ್ನೇ ಕರ್ಕಂಡೋಯ್ತೀನಿ, ಹೇಳಿ" ಅಂದ.

ಹೇಳಲಿಲ್ಲ. ನಿಮಗೆ ಮಾತು ಕೊಟ್ಟಿದ್ದೆನಲ್ಲ, ಅದನ್ನೇ ಕಾರಣ ಮಾಡಿಕೊಂಡೆ.

ಇನ್ನೊಂದು ಸಂಗತಿ. ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ನಾಲ್ಕು ಜನ ಕೂತಿರುತ್ತಾರೆ. ಯಾರ ಹಾಲು ಮೊದಲು ಕ್ಯಾನಿಗೆ ಬೀಳಬೇಕು, ಇರುವ ಒಂದು ಡಬ್ಬ ಡೀಸೆಲ್ಲಿನಲ್ಲಿ ನೀರೆತ್ತಬೇಕೋ ರಾಗಿ ಬೀಸಬೇಕೋ, ಎಲ್ಲ ನನ್ನನ್ನೇ ಕೇಳುತ್ತಾರೆ. ನಾನು ಅತಿಥಿ ಎಂದೆ. ಮರುಳಸಿದ್ದಯ್ಯನವರು ನಕ್ಕು, "ಅಂಕಮ್ಮ ಇಲ್ದಿದ್ರೇನು, ಅಂಕಮ್ಮನ್ ಮನೆ ಐತಲ್ಲ. ಅದ್ರೊಳಗೆ ನೀವಿದ್ದೀರಲ್ಲ. ಹೇಳಿ" ಎಂದರು.

ಹನ್ನೆರಡು ವರ್ಷದಿಂದ ನಾನು ಕಂಪನಿಗಳ ಮ್ಯಾನೇಜರುಗಳಿಗೆ ನಾಯಕತ್ವದ ತರಬೇತಿ ಕೊಡುತ್ತಿದ್ದೇನೆ. ಡೀಸೆಲ್ ಡಬ್ಬ ನೋಡಿದಾಗ ಅದರಲ್ಲಿ ಒಂದು ಪಾಠವೂ ನೆನಪಾಗಲಿಲ್ಲ.

ನಿಮ್ಮ
ಯೋಗಿತಾ

*

ತಿಪಟೂರು
9 ಸೆಪ್ಟೆಂಬರ್

ಯೋಗಿತತ್ತೆ, ಇದು ಗಾನವಿ ಬರೆಯುತ್ತಿರುವುದು. ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ. ತಿದ್ದಿದರೆ ಕಣ್ಣು ಕಟ್ಟಿದ್ದರೂ ಗೊತ್ತಾಗುತ್ತದಂತೆ. ಶುರು:

ಯೋಗಿತಾ, ಕಣ್ಗೆ ಪಟ್ಟಿ ಕಟ್ಟವ್ರೆ. ಬಗ್ಗಂಗಿಲ್ಲ, ಅಳಂಗಿಲ್ಲ, ಕೂಗಾಡಂಗಿಲ್ಲ ಅಂತ ಡಾಕ್ಟ್ರು ಹೇಳವ್ರೆ. ಪುಷ್ಪಲತಾ ನನ್ನ ಮೊಟ್ಟೆ ಕಾಯ್ದಂಗೆ ಕಾಯ್ತವ್ಳೆ. ಮಗ್ಳ ಮನೆ ಅಂದ್ರೆ ಜೈಲು ಕಣಮ್ಮ.

ಜಗಲಿ ಮ್ಯಾಲೆ ಕೂತೋರ್ನ ಎಬ್ಬುಸ್ಬ್ಯಾಡ. ಅವ್ರಿಗೆ ನ್ಯಾಯ ಬ್ಯಾಡ. ಯಾರಾದ್ರೂ ಒಬ್ರು ಹಿಂಗೆ ಅಂತ ಹೇಳ್ಬೇಕು, ಅಷ್ಟೇಯ. ಕೆಟ್ರೆ ಬೈಯಕ್ಕೆ ಒಬ್ರು ಬೇಕಲ್ಲ. ರಾಗಿ ಬೀಸ್ಸು. ನೀರು ಎಲ್ಲಾ ಕಡೇನೂ ಐತೆ.

ಇನ್ನೊಂದು ಮಾತು. ದಿನಾ ಅವ್ರು ಬರಾಕ್ ಮುಂಚೆ ಪಕ್ಕದ್ಮನೆ ಸಿದ್ದಕ್ಕನ ಹತ್ರ ಹೋಗಿ ಕಾಫಿ ಕುಡಿ. ಅವ್ಳು ಬೈತಾಳೆ. ಕೇಳ್ಕಂಡು ಬಾ. ಒಂದಿನಾನೂ ತಪ್ಪುಸ್ಬ್ಯಾಡ.

ಯಾಕೆ ಅಂತ ಕೇಳಿದೆ ಅತ್ತೆ. "ನೀನು ಬರಿ ಸುಮ್ಕೆ" ಅಂದರು. ಅದನ್ನೂ ಬರೆದಿದ್ದೇನೆ.

ಅಂಕಮ್ಮ
(ಕೈಬರಹ: ಗಾನವಿ)

*

ದಿಬ್ಬದಪಾಳ್ಯ
14 ಸೆಪ್ಟೆಂಬರ್

ಅತ್ತೆಯವರಿಗೆ,

ರಾಗಿ ಬೀಸಿದ್ದಾಯಿತು. ಸಿದ್ದಕ್ಕನವರ ಮನೆಗೂ ಹೋದೆ. ಕಾಫಿ ಚೆನ್ನಾಗಿತ್ತು. ಬೈಗುಳವೂ ಧಾರಾಳವಾಗಿತ್ತು: ನಾನು ಪೊರಕೆ ಹಿಡಿಯುವ ರೀತಿ, ಸೊಪ್ಪು ಸೋಸುವ ರೀತಿ, ಜಗಲಿಯಲ್ಲಿ ಕಾಲು ಚಾಚಿ ಪುಸ್ತಕ ಓದುವ ರೀತಿ. ಎಲ್ಲವನ್ನೂ ಬರೆದರೆ ಕಾಗದ ಸಾಲದು.

ಈಗ ನಿಜವಾದ ತೊಂದರೆಗೆ ಬರುತ್ತೇನೆ. ಹುಳಿಯಾರು ಕಡೆಯ ಹಟ್ಟಿಯ ಕಾಳಕ್ಕ ನಿಮಗೆ ಗೊತ್ತಿರಬೇಕು. ಗೊಬ್ಬರಕ್ಕೆಂದು ಮರುಳಸಿದ್ದಯ್ಯನವರ ಕೆಳಗಿನ ತೋಟದಲ್ಲಿ ಕುರಿ ಮಂದೆ ಕೂರಿಸಿದ್ದಳು. ನೀರು ಬಂದಾಗ ಅರವತ್ತು ಕುರಿಯನ್ನೂ ಒಬ್ಬಳೇ ದಿಬ್ಬಕ್ಕೆ ಹತ್ತಿಸಿದ್ದಾಳೆ. ಗಂಡ ಅಕ್ಕಿ ತರಲು ಹೋದವನು ಆಚೆ ದಡದಲ್ಲೇ ಉಳಿದ. ಕುರಿಗಳು ಗುಡಿಯ ಅಂಗಳದಲ್ಲಿ, ಸೂರಿಲ್ಲದೆ, ಮಳೆಯಲ್ಲಿ ನಿಂತಿವೆ. ಈಗಾಗಲೇ ಎರಡು ಮರಿ ಸತ್ತಿವೆ. ದಿಬ್ಬದಲ್ಲಿ ಖಾಲಿ ಇರುವ ಕೊಟ್ಟಿಗೆ ನಮ್ಮದೊಂದೇ, ಅಟ್ಟದ ಕೆಳಗಿನದು.

ಜನ ಒಪ್ಪುತ್ತಿಲ್ಲ. ಮೇಲಿನ ಅಟ್ಟದಲ್ಲಿ ಒಣಗುವ ಕೊಬ್ಬರಿಗೆ ಕುರಿ ವಾಸನೆ ಹತ್ತಿದರೆ ತಿಪಟೂರು ಮಾರುಕಟ್ಟೆಯಲ್ಲಿ ದಿಬ್ಬದಪಾಳ್ಯದ ಕೊಬ್ಬರಿಯನ್ನೇ ಮೂಸಿ ಮೂಸಿ ಪಕ್ಕಕ್ಕಿಡುತ್ತಾರೆ ಎನ್ನುತ್ತಾರೆ. ಮರುಳಸಿದ್ದಯ್ಯನವರು, "ಅವ್ಳ ಕುರಿ ಗೊಬ್ರ ನಂಗ್ ಬೇಕು ನಿಜ. ಹಂಗಂತ ಕುರೀನ ಮನೇಗ್ ಕರೀಬೇಕು ಅಂತ ಎಲ್ಲೈತೆ" ಎಂದರು.

ನಾನು ಸಭೆ ಕರೆದೆ. ಎಲ್ಲರನ್ನೂ ದುಂಡಗೆ ಕೂರಿಸಿದೆ. ದುಂಡಗೆ ಕೂರಲಿಕ್ಕೇ ಅರ್ಧ ಗಂಟೆ ಹಿಡಿಯಿತು, ಯಾರೂ ಯಾರಿಗೂ ಬೆನ್ನು ಮಾಡಬಾರದು ಎಂದರೆ ಅದೇನೋ ಶಾಸ್ತ್ರವೆಂದುಕೊಂಡರು. ಹೆಸರಿಲ್ಲದ ಚೀಟಿಯಲ್ಲಿ ಅಭಿಪ್ರಾಯ ಬರೆಯಲು ಹೇಳಿದೆ. ಹದಿನಾಲ್ಕು ಚೀಟಿ ಬಂದವು. ಹನ್ನೊಂದರಲ್ಲಿ 'ಅಂಕಮ್ಮನ ಕೇಳಿ' ಎಂದಿತ್ತು. ಎರಡು ಖಾಲಿ. ಒಂದರಲ್ಲಿ 'ಕರೆಂಟು ಯಾವಾಗ' ಎಂದಿತ್ತು.

ಬಹುಮತದ ಪ್ರಕಾರ ನಿಮ್ಮನ್ನು ಕೇಳುತ್ತಿದ್ದೇನೆ. ಏನು ಮಾಡಲಿ?

ಯೋಗಿತಾ

*

ತಿಪಟೂರು
17 ಸೆಪ್ಟೆಂಬರ್

ಯೋಗಿತಾ, ಕುರಿ ವಿಷ್ಯ ನನ್ನ ಕೇಳ್ಬ್ಯಾಡ. ಮಳೆ ಅಲ್ಲಿ ಹುಯ್ತೈತೆ. ಮರಿ ಸಾಯಾದು ನೀನ್ ನೋಡ್ತಿದ್ದೀಯ. ನಾನು ಇಲ್ಲಿ ಕಣ್ಮುಚ್ಕಂಡು ಬ್ರೆಡ್ ತಿಂತಿವ್ನಿ. ನೋಡೋರು ಹೇಳ್ಬೇಕು.

ಸಿದ್ದಕ್ಕ ಏನಂದ್ಲು? ಅದೇ ಬರೀಲಿಲ್ವಲ್ಲ ನೀನು.

ಚೀಟಿ ಕಥೆ ಓದಿಸಿ ಇನ್ನೊಂದ್ಸಲ ಕೇಳ್ದೆ. ನಗಂಗಿಲ್ಲ ಅಂತ ಡಾಕ್ಟ್ರು ಹೇಳಿರ್ಲಿಲ್ಲ ಸದ್ಯ.

ಅಂಕಮ್ಮ

*

ದಿಬ್ಬದಪಾಳ್ಯ
26 ಸೆಪ್ಟೆಂಬರ್

ಅತ್ತೆಯವರಿಗೆ,

ನಿಮ್ಮ ಕಾಗದ ಬಂದ ದಿನವೇ, ಅಂದರೆ ಹತ್ತೊಂಬತ್ತರಂದು, ಕುರಿಗಳನ್ನು ಕೊಟ್ಟಿಗೆಗೆ ಬಿಡಿಸಿದೆ. ಸಭೆ ಕರೆಯಲಿಲ್ಲ. ಕೊಡೆ ಹಿಡಿದು ಗುಡಿಯ ಹತ್ತಿರ ಹೋಗಿ, "ಕಾಳಕ್ಕ, ಹೊಡ್ಕೊಂಡು ಬಾ" ಎಂದೆ. ಮಳೆಯ ಸದ್ದಿನಲ್ಲಿ ಕೇಳಿಸದೆ ಎರಡು ಸಲ ಕೂಗಬೇಕಾಯಿತು. ಮೂರು ದಿನ ಯಾರೂ ಜಗಲಿ ಹತ್ತಲಿಲ್ಲ. ನಾಲ್ಕನೆಯ ದಿನ ಮತ್ತೆ ಜಗಲಿ ತುಂಬಿತು. ಆಮೇಲೆ ಒಂದು ಮರಿಯೂ ಸತ್ತಿಲ್ಲ. ಮನೆಯೆಲ್ಲ ಕುರಿ ವಾಸನೆ. ನನಗೆ ಈಗ ಗೊತ್ತಾಗುವುದಿಲ್ಲ, ಅದೇ ಸ್ವಲ್ಪ ಭಯ.

ಎಲ್ಲ ತೀರ್ಮಾನಗಳೂ ಇಷ್ಟು ಕಷ್ಟದ್ದಲ್ಲ. ನಿಮಗೆ ಹೇಳುವುದು ಮರೆತಿದ್ದೆ: ದಾರಿ ಮುಚ್ಚಿದ ದಿನವೇ ಒಂದು ಸುಧಾರಣೆ ಮಾಡಿದ್ದೆ. ಮಲ್ಲೇಶ್ ದಿನಾ ಸಂಜೆ ಕೊಟ್ಟಿಗೆಯಲ್ಲಿ ಕಾಯಿ ಸಿಪ್ಪೆ ಒಟ್ಟಿ ಬೆಂಕಿ ಹಾಕುತ್ತಿದ್ದ. ತಲೆಯ ಮೇಲೆ ಅಟ್ಟದ ತುಂಬ ಒಣಕಾಯಿ, ಕೆಳಗೆ ಬೆಂಕಿ, ಅಗ್ನಿಶಾಮಕದವರು ಬರಲು ದಾರಿಯಿಲ್ಲ. ಇನ್ನು ಮೇಲೆ ಬೇಡ ಎಂದೆ. "ಆಯ್ತು ಬುಡಿ ಅಕ್ಕ" ಅಂದ. ಜಗಲಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ಈ ದಿಬ್ಬದಲ್ಲಿ ಒಬ್ಬರೂ ಎದುರಾಡದ ತೀರ್ಮಾನ ಅದೊಂದೇ.

ಕಲಿಯುತ್ತಿದ್ದೇನೆ ಅನ್ನಿಸುತ್ತದೆ.

ಯೋಗಿತಾ

*

ತಿಪಟೂರು
28 ಸೆಪ್ಟೆಂಬರ್

ಯೋಗಿತತ್ತೆ,

ಇದು ಗಾನವಿ ಮಾತ್ರ. ಅಜ್ಜಿ ಮಲಗಿದ್ದಾರೆ.

ನಿಮ್ಮ ಕಾಗದವನ್ನು ಕುರಿಯವರೆಗೆ ಜೋರಾಗಿ ಓದಿದೆ. ಬೆಂಕಿಯ ಸಾಲು ಬಂದಾಗ ಅಮ್ಮ ಪಕ್ಕದಲ್ಲಿ ನಿಂತು ಓದುತ್ತಿದ್ದವರು ನನ್ನ ಬಾಯಿ ಮುಚ್ಚಿದರು. ನಿಜವಾಗಿ, ಕೈಯಿಂದ. ಅಜ್ಜಿ "ಮುಗೀತಾ" ಅಂದರು. ಮುಗೀತು ಅಂದೆ.

ಅಮ್ಮ ಅಡುಗೆ ಮನೆಗೆ ಕರೆದುಕೊಂಡು ಹೋಗಿ ಹೇಳಿದ್ದು ಇಷ್ಟು. ಅಟ್ಟದ ಕಾಯಿ ಇನ್ನೂ ಒಣಕಾಯಿಯಲ್ಲ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಲು ವರ್ಷ ಹಿಡಿಯುತ್ತದೆ. ಮಳೆಗಾಲದಲ್ಲಿ ಕೆಳಗಿನಿಂದ ಹೊಗೆ ಮತ್ತು ಬಿಸಿ ಕೊಡದಿದ್ದರೆ ಥಂಡಿ ಹಿಡಿದು ಒಳಗೇ ಕೊಳೆಯುತ್ತದೆ. ಅದು ಬೆಂಕಿ ಅಲ್ಲವಂತೆ, ಬರೀ ಹೊಗೆಯಂತೆ. ಅಜ್ಜಿ ಮೂವತ್ತು ವರ್ಷದಿಂದ ಒಂದು ಮಳೆಗಾಲವೂ ಆರಲು ಬಿಟ್ಟಿಲ್ಲವಂತೆ.

ಅಳಬಾರದು ಅಂತ ಡಾಕ್ಟರ್ ಹೇಳಿದ್ದಾರೆ. ಅಜ್ಜಿಗೆ ಹೇಳುವುದಾ ಬೇಡವಾ? ಅಮ್ಮ, "ಅದೂ ಅವಳೇ ತೀರ್ಮಾನ ಮಾಡಲಿ, ಈಗ ಅವಳೇ ತಾನೆ ಯಜಮಾನ್ತಿ" ಅಂದರು. ಅವರು ಸ್ವಲ್ಪ ಸಿಟ್ಟಿನಲ್ಲಿದ್ದಾರೆ.

ಗಾನವಿ

*

ದಿಬ್ಬದಪಾಳ್ಯ
1 ಅಕ್ಟೋಬರ್

ಅತ್ತೆಯವರಿಗೆ,

ಗಾನವಿ, ಈ ಕಾಗದವನ್ನು ಪೂರ್ತಿ ಓದು. ಪಟ್ಟಿ ಬಿಚ್ಚಿದ್ದಾರೆಂದು ಮಲ್ಲೇಶ್ ಹೇಳಿದ. ಪುಷ್ಪಲತಾ ಅವರು ಬಾಯಿ ಮುಚ್ಚಿದರೂ ಓದು.

ಅತ್ತೆ, ಇದು ನಾಲ್ಕನೆಯ ಹಾಳೆ. ಮೊದಲ ಮೂರರಲ್ಲಿ ಕಾರಣಗಳೇ ತುಂಬಿದ್ದವು, ಹರಿದು ಹಾಕಿದೆ. ಸೆಪ್ಟೆಂಬರ್ ಎರಡರಂದು ನಾನು ಅಟ್ಟದ ಕೆಳಗಿನ ಹೊಗೆ ನಿಲ್ಲಿಸಿದೆ. ಯಾಕೆ ಹಾಕುತ್ತಾರೆ ಎಂದು ಯಾರನ್ನೂ ಕೇಳಲಿಲ್ಲ. ನಿಮ್ಮ ವರ್ಷದ ಕಾಯಿ ಕೊಳೆತಿದ್ದರೆ ಅದು ನನ್ನಿಂದ.

ಗಾನವಿಯ ಕಾಗದ ಓದಿ ಮಲ್ಲೇಶನನ್ನು ಕರೆದೆ.

"ಹೊಗೆ ಇಲ್ದಿದ್ರೆ ಕಾಯಿ ಕೆಡುತ್ತೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನಕ್ಕ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವ್ ಕೇಳ್ಲಿಲ್ವಲ್ಲ. ಬೆಂಗ್ಳೂರ್ನಾಗೆ ಏನೋ ಹೊಸ ಪದ್ಧತಿ ಬಂದಿರ್ಬೇಕು ಅನ್ಕಂಡ್ವಿ. ಮರುಳಸಿದ್ದಯ್ನೋರಂತೂ ಈ ಸಲ ನಿಮ್ಮದು ನೋಡಿ ಮುಂದಿನ್ ವರ್ಷ ತಾವೂ ನಿಲ್ಲುಸ್ತೀನಿ ಅಂತಿದ್ರು."

ತಲೆಯಾಡಿಸಿದವರನ್ನೆಲ್ಲ ನಾನು ಒಪ್ಪಿದವರೆಂದುಕೊಂಡಿದ್ದೆ. ತರಗತಿಯಲ್ಲಿ ತಲೆಯಾಡಿಸುವವರನ್ನೂ ಹನ್ನೆರಡು ವರ್ಷ ಹಾಗೇ ಅಂದುಕೊಂಡೆನೋ ಏನೋ.

ಕೊಟ್ಟಿಗೆಗೆ ಓಡಿದೆ. ಒಳಗೆ ಕಣ್ಣುರಿಯುವಷ್ಟು ಹೊಗೆ. ನಡುವೆ ಸಿಪ್ಪೆಯ ಗುಡ್ಡೆ ನಿಧಾನ ಕನಲುತ್ತಿದೆ, ಸುತ್ತ ಅರವತ್ತು ಕುರಿ ಮದುವೆಗೆ ಬಂದವರ ಹಾಗೆ ಮೆಲುಕು ಹಾಕುತ್ತಾ ಕೂತಿವೆ. ಕಾಳಕ್ಕ ಕಡ್ಡಿಯಿಂದ ಬೂದಿ ಕೆದಕುತ್ತಿದ್ದಳು.

"ಯಾವಾಗಿಂದ ಹಾಕ್ತಿದ್ದೀಯ ಇದನ್ನ?" ಎಂದೆ.

"ಬಂದ್ ದಿನ್ದಿಂದ. ಸೊಳ್ಳೆ ಕಚ್ಚಿ ಮರಿ ಸಾಯ್ತವೆ ಕಣವ್ವ."

"ಇಲ್ಲಿ ಬೆಂಕಿ ಹಾಕಬಾರದು ಅಂತ ನಾನು ಹೇಳಿದ್ದು ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಮಲ್ಲೇಶಂಗೆ ಹೇಳಿದ್ರಿ. ನನ್ ಕುರೀಗೇನ್ ಹೇಳಿರ್ಲಿಲ್ಲ." ಆಮೇಲೆ ನನ್ನ ಮುಖ ನೋಡಿ, "ಆರುಸ್ಲಾ?" ಎಂದಳು.

ಆರಿಸಬೇಡ ಎಂದು ಎರಡೂ ಕೈ ಮುಗಿದೆ. ಅವಳಿಗೆ ಅದು ಯಾಕೆಂದು ಅರ್ಥವಾಗಲಿಲ್ಲ.

ಹಾಗಾಗಿ ಹೊಗೆಯಿಲ್ಲದೆ ಇದ್ದದ್ದು ಹದಿನೇಳು ದಿನ. ಆಮೇಲೆ ಹೊಗೆಯೂ ಇದೆ, ಕುರಿಗಳ ಮೈ ಬಿಸಿಯೂ ಇದೆ. ಇಷ್ಟು ಸಾಕಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಏಣಿ ಹತ್ತಿ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಎಲ್ಲ ಒಂದೇ ತರಹ ಕೇಳಿಸುತ್ತವೆ. ಇಲ್ಲಿಯವರು ಯಾರೂ ಅಟ್ಟ ಹತ್ತಲು ಒಪ್ಪುವುದಿಲ್ಲ. ಅಂಕಮ್ಮನ ಅಟ್ಟಕ್ಕೆ ಅಂಕಮ್ಮನೇ ಕಿವಿ ಕೊಡಬೇಕಂತೆ.

ಇನ್ನೂ ಒಂದು ಹೇಳಬೇಕು. ಸಿದ್ದಕ್ಕನವರ ಮನೆಗೆ ನಾನು ಹೋದದ್ದು ಎರಡೇ ದಿನ. ಬೆಳಗಾಗೆದ್ದು ಯಾರು ಬೈಸಿಕೊಳ್ಳುತ್ತಾರೆ ಎಂದು ಬಿಟ್ಟುಬಿಟ್ಟೆ, ನಿಮಗೆ ಬರೆಯಲಿಲ್ಲ. ಇವತ್ತು ಹೋದೆ. ಲೋಟ ಮುಂದಿಟ್ಟು, "ಎರಡ್ನೇ ದಿನವೇ ಹೇಳಿದ್ನಲ್ಲೇ, ಅಟ್ಟ ತಣ್ಣಗಾಗೈತೆ, ಒಂದ್ ಗಳಿಗೆ ಪುಸ್ತಕ ಕೆಳಗಿಟ್ಟು ನೋಡು ಅಂತ" ಎಂದರು. ಹೌದು, ಹೇಳಿದ್ದರು. ಪೊರಕೆಗೂ ಸೊಪ್ಪಿಗೂ ನಡುವೆ. ಪುಸ್ತಕದ ಮಾತಿಗೆ ನೊಂದುಕೊಂಡು ಅಟ್ಟದ ಮಾತನ್ನು ಬಿಟ್ಟಿದ್ದೆ.

ನೀವು ಏನು ಬೈದರೂ ಸರಿ. ಅಳಬೇಡಿ, ಕಣ್ಣಿಗೆ ಒಳ್ಳೆಯದಲ್ಲ.

ಯೋಗಿತಾ

*

ತಿಪಟೂರು
4 ಅಕ್ಟೋಬರ್

ಯೋಗಿತಾ, ಸುಣ್ಣದ ಡಬ್ಬಿ ಹುಡುಕ್ಸಿಡು. ಬತ್ತೀನಿ.

ಅಂಕಮ್ಮ

ಅತ್ತೆ, ಇಷ್ಟೇ ಹೇಳಿದ್ದು. ಪೂರ್ತಿ ಓದಿದೆ. ಅಳಲಿಲ್ಲ. ಆದರೆ ಎರಡು ದಿನ ಎಲೆ ಅಡಿಕೆ ಹಾಕಿಕೊಂಡಿಲ್ಲ. ನಮ್ಮ ಮನೆಯಲ್ಲಿ ಸುಣ್ಣ ಇದೆ. ಅದು ಸುಣ್ಣವೇ ಅಲ್ಲವಂತೆ. - ಗಾ.

*

ದಿಬ್ಬದಪಾಳ್ಯ
13 ಅಕ್ಟೋಬರ್

ಪ್ರೀತಿಯ ಗಾನವಿ,

ಅಜ್ಜಿ ಬಂದು ಮುಟ್ಟಿದರು. ದಾಟುವಾಗ ಏನಾಯಿತೆಂದು ಬರೆ ಎಂದು ಕೇಳಿದ್ದೆಯಲ್ಲ, ಕೇಳು.

ನೀರು ಎದೆಮಟ್ಟಕ್ಕೆ ಇಳಿದಿತ್ತು. ತೆಪ್ಪದ ಮೇಲೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಕಪ್ಪು ಕನ್ನಡಕದ ನಿನ್ನ ಅಜ್ಜಿ, ಹಿಂದೆ ತಳ್ಳುತ್ತಾ ಮಲ್ಲೇಶ್. ಆ ದಿನ ಹಾಲು ಹೋಗಲಿಲ್ಲ. ಏಳು ಮನೆಯವರೂ ದೂರದೆ ಹೆಪ್ಪು ಹಾಕಿಕೊಂಡರು. ದಡ ಮುಟ್ಟುವ ಮೊದಲೇ ಕೇಳಿದ ಮಾತು, "ನಿಧಾನ ಕಣ್ಲಾ, ನಾನೇನ್ ಹಾಲಾ, ತುಳುಕುದ್ರೂ ಆಯ್ತು ಅನ್ನಕ್ಕೆ" ಎಂಬುದು.

ನಾನು ಕಾಲಿಗೆ ಬಿದ್ದೆ. ತಲೆ ಮುಟ್ಟಿದರು. ನೆಟ್ಟಗೆ ಕೊಟ್ಟಿಗೆಗೆ ನಡೆದರು, ಊರೆಲ್ಲ ಹಿಂದೆ. ಕುರಿಗಳ ನಡುವೆ ದಾರಿ ಮಾಡಿಕೊಂಡು ಏಣಿ ಹತ್ತಿದರು. ನಾನು ಕೆಳಗೆ ಏಣಿ ಹಿಡಿದು ನಿಂತೆ. ಮೇಲಿನಿಂದ ಒಂದೊಂದೇ ಕಾಯಿ ಅಲ್ಲಾಡಿಸುವ ಸದ್ದು. ಕಂಪನಿಯಲ್ಲಿ ನನ್ನ ಕೆಲಸ ಅಳೆಯಲು ಎಂಟು ಪುಟದ ನಮೂನೆ ಇದೆ ಗಾನವಿ. ಅದಕ್ಕೂ ನಾನು ಯಾವತ್ತೂ ಹೀಗೆ ಒಂದೊಂದು ಸದ್ದು ಎಣಿಸುತ್ತಾ ಕಾದಿರಲಿಲ್ಲ.

ಬಡಗಣ ಗೋಡೆಯ ಮೂಲೆಯಿಂದ ಐದು ಮಂಕರಿ ಕಾಯಿ ಕೆಳಗಿಳಿಸಿದರು. ಕೊಳೆತದ್ದು. ವಾಸನೆಗೆ ಕುರಿಗಳೇ ಎದ್ದು ಆಚೆ ಹೋದವು. ಆರನೆಯ ಮಂಕರಿಗಾಗಿ ಕೈ ಚಾಚಿ ನಿಂತಿದ್ದೆ. ಬರಲಿಲ್ಲ. ಅಜ್ಜಿಯೇ ಇಳಿದು ಬಂದು ಕೈ ಕೊಡವಿಕೊಂಡು, "ಮಿಕ್ಕಿದ್ದು ನೆಟ್ಟಗೈತೆ" ಎಂದರು.

ಆಮೇಲೆ ಕಾಳಕ್ಕನ ಕಡೆ ತಿರುಗಿ, "ಹುಳಿಯಾರಿಗೆ ಯಾವಾಗ್ ಹೊಲ್ಟಿದ್ದೀಯೇ?" ಎಂದರು.

"ದಾರಿ ಬುಟ್ಟ ದಿನ ಹೊಲ್ಡ್ತೀನಿ ಕಣವ್ವ."

"ಕಾಯಿ ಇಳ್ಸೋಗಂಟ ಇರು. ಕುರಿ ಇಲ್ಲೇ ಇರ್ಲಿ."

ಮರುಳಸಿದ್ದಯ್ಯನವರು ವಾಸನೆಯ ಮಾತೆತ್ತಲು ಬಾಯಿ ತೆರೆದರು. ಅಜ್ಜಿ ಕನ್ನಡಕ ಸರಿಮಾಡಿಕೊಂಡರು. ಅವರು ತೆರೆದ ಬಾಯಿ ಮುಚ್ಚಿದರು.

ಮಾರನೆಯ ಬೆಳಗ್ಗೆ ಜಗಲಿಯಲ್ಲಿ ನಾಲ್ಕು ಜನ. ಸದ್ಯ ಬಿಡುಗಡೆ ಎಂದು ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಅಜ್ಜಿಯ ಧ್ವನಿ ಕೇಳಿಸಿತು: "ನಂಗೆ ಬಿಸ್ಲು ನೋಡಂಗಿಲ್ಲ. ನೀರು ಇಳಿಯೋಗಂಟ ಅವ್ಳನ್ನೇ ಕೇಳಿ. ತಡೀರಿ, ಸಿದ್ದಕ್ಕನ ಮನೇಗ್ ಹೋಗ್ ಬರ್ಲಿ ಮೊದ್ಲು."

ಹೋದೆ. ಈ ಸಲ ಎರಡು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬೈದರು.

ನಿನ್ನ
ಯೋಗಿತತ್ತೆ

*

ದಿಬ್ಬದಪಾಳ್ಯ
22 ನವೆಂಬರ್

ಬೆಂಗಳೂರಿನಲ್ಲಿರುವ ಯೋಗಿತಾಗೆ ಅತ್ತೆ ಅಂಕಮ್ಮನ ಆಶೀರ್ವಾದ.

ಇದು ನನ್ನ ಕೈಯಕ್ಷರ. ಕಣ್ಣು ಚೆನ್ನಾಗ್ ಕಾಣ್ತೈತೆ. ನೀನು ಪೊರಕೆ ಹಾಕ್ದೆ ಬಿಟ್ಟ ಮೂಲೆಗಳೂ ಈಗ ಕಾಣ್ತಾವೆ.

ಕಾಯಿ ಇಳಿಸಾದು ಮುಗೀತಾ ಬಂತು. ಕಾಳಕ್ಕ ಮೊನ್ನೆ ಹೊರಟ್ಲು. ಮರುಳಸಿದ್ದಯ್ಯ ಮುಂದಿನ ಮಳೆಗಾಲಕ್ಕೆ ಅವಳ ಕುರಿ ತನ್ನ ಅಟ್ಟದ ಕೆಳಗೆ ಇರಲಿ ಅಂತ ಈಗಲೇ ಹೇಳಿಟ್ಟವ್ನೆ.

ಹೊರಡುವಾಗ ನೀನು ಕೇಳಿದ್ದೆ, ಅತ್ತೆ ಯಾಕೆ ಬೈಯಲಿಲ್ಲ ಅಂತ. ನಿಮ್ಮ ಮಾವ ತೀರಿಹೋದ ವರ್ಷ ನಾನು ಕೆರೆ ಗೋಡು ಮಣ್ಣು ಹೊಡಿಸಿ ತೆಂಗಿನ ಸಸಿ ಕತ್ತಿನ ಮಟ್ಟ ತುಂಬಿಸಿದ್ದೆ. ಫಲ ಬರ್ತದೆ ಅಂತ. ಎಲ್ಲರೂ ಆಯ್ತು ಆಯ್ತು ಅಂದ್ರು. ನಲವತ್ತು ಸಸಿ ಕೊಳ್ತೋದ್ವು. ಸಿದ್ದಕ್ಕ ಒಬ್ಬಳೇ ಬ್ಯಾಡ ಅಂದಿದ್ಲು. ಅವಳ ಜೊತೆ ಮಾತು ಬಿಟ್ಟಿದ್ದೆ ನಾನು. ಆಮೇಲೆ ಹೋಗಿ ಬಾಗಿಲಲ್ಲಿ ಕೂತೆ. ಕಾಫಿ ಕೊಟ್ಲು. ಅವತ್ತಿಂದ ಕುಡೀತಾ ಇದ್ದೀನಿ. ಇದನ್ನ ನಿನಗೆ ಮೊದಲೇ ಬರೆಸಬೇಕಿತ್ತು. ಗಾನವಿ ಮುಂದೆ ಹೇಳಕ್ಕೆ ನಾಚಿಕೆ ಆಯ್ತು.

ಸಿದ್ದಕ್ಕ ದಿನಾ ಕೇಳ್ತಾಳೆ, ಅವಳು ಯಾವಾಗ ಬತ್ತಾಳೆ ಅಂತ. ನನ್ನೊಬ್ಬಳನ್ನೇ ಬೈದ್ರೆ ಸಾಲದಂತೆ.

ಈ ಕಾಗದ ತಂದೋರ ಕೈಲಿ ಒಂದು ಕಾಯಿ ಕಳ್ಸಿವ್ನಿ. ನಮ್ಮ ಅಟ್ಟದ್ದೇ. ಕಿವಿ ಹತ್ರ ಇಟ್ಟು ಅಲ್ಲಾಡ್ಸು. ನೀರಿನ ಸದ್ದು ಬಂದ್ರೆ ಇನ್ನೂ ಹಸಿ. ಏನೂ ಸದ್ದು ಬರದಿದ್ರೆ ನೀರು ಇಂಗೈತೆ, ಕೊಬ್ರಿ ಇನ್ನೂ ಚಿಪ್ಪು ಬಿಟ್ಟಿಲ್ಲ. ಗಡಗಡ ಅಂದ್ರೆ ಆಯ್ತು, ಒಡಿ.

ಗಡಗಡ ಅನ್ನಲ್ಲ ಅದು. ನೋಡೇ ಕಳ್ಸಿವ್ನಿ. ಇನ್ನೂ ಒಂದು ತಿಂಗಳು ಹೊಗೆ ಬೇಕು ಅದಕ್ಕೆ. ನಿಮ್ಮನೇಲಿ ಹೊಗೆ ಇಲ್ಲವಲ್ಲ. ನೀನೇ ತಗಂಬಾ.

ಅಂಕಮ್ಮ